ಪಟ್ಟಿಯಲ್ಲಿಲ್ಲದ ಪೇಟೆ

ಬೆಂಗಳೂರಿನಲ್ಲಿ 'ನೋಡತಕ್ಕ ಸ್ಥಳಗಳು' ಎಂದು ಯಾರು ಪಟ್ಟಿ ಮಾಡಿದರೂ ಅದು ಹೆಚ್ಚುಕಡಿಮೆ ಒಂದೇ ಪಟ್ಟಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ (ಅದೂ ಹೊರಗಿನಿಂದ), ವಿಶ್ವೇಶ್ವರಯ್ಯ ಮ್ಯೂಸಿಯಂ, ಬಸವನಗುಡಿಯ ದೊಡ್ಡ ಬಸವ, ಸಮಯ ಉಳಿದರೆ ಬನ್ನೇರುಘಟ್ಟ. ಶಾಲೆಯ ಪ್ರವಾಸದ ಬಸ್ಸು ನಿಲ್ಲುವುದೂ ಇಲ್ಲೇ, ಹೊಸದಾಗಿ ಮದುವೆಯಾದ ಜೋಡಿ ಸುತ್ತುವುದೂ ಇಲ್ಲೇ. ಈಚಿನ ಪಟ್ಟಿಗಳಲ್ಲಿ ನಾಲ್ಕು ಮಾಲ್‌ಗಳು ಸೇರಿಕೊಂಡಿವೆ ಎಂಬುದೊಂದೇ ವ್ಯತ್ಯಾಸ. ಪೇಟೆಯ ಮಾತು ಬರುವುದು ಪಟ್ಟಿಯೆಲ್ಲ ಮುಗಿದ ಮೇಲೆ, 'ಕೊಳ್ಳುವವರಿಗೆ' ಎಂಬ ತಲೆಬರಹದ ಕೆಳಗೆ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಅಗ್ಗ, ಜೇಬುಗಳ್ಳರಿದ್ದಾರೆ ಎಚ್ಚರಿಕೆ. ಇಷ್ಟೇ.

ಈ ಪಟ್ಟಿಯ ಮೇಲೆ ನನಗೆ ಎರಡು ತಕರಾರುಗಳಿವೆ. ಮೊದಲನೆಯದು, ಊರಿನ ಪಟ್ಟಿಯಲ್ಲಿ ಊರೇ ಇಲ್ಲ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿ ಬೆಂಗಳೂರು ಎಂದದ್ದು ಈ ಪೇಟೆಯನ್ನೇ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಸೇರುವ ಚೌಕದಿಂದ ನಾಲ್ಕು ದಿಕ್ಕಿಗೆ ನಾಲ್ಕು ಜೊತೆ ಎತ್ತುಗಳನ್ನು ಬಿಟ್ಟು ಉಳಿಸಿ, ಆ ಗೆರೆಗಳನ್ನೇ ಬೀದಿ ಮಾಡಿದರೆಂದು ಐತಿಹ್ಯ. ಲಾಲ್‌ಬಾಗ್ ಹುಟ್ಟಿದ್ದು ಅದಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ, ಹೈದರಾಲಿಯ ದಿನಗಳಲ್ಲಿ. ವಿಧಾನಸೌಧ ಮೊನ್ನೆಮೊನ್ನೆಯದು, 1956ರದು. ತಾಯಿಯನ್ನು ಅಡಿಗೆಮನೆಯಲ್ಲೇ ಬಿಟ್ಟು ಮಕ್ಕಳು ಸೊಸೆಯಂದಿರನ್ನೆಲ್ಲ ನಡುಮನೆಗೆ ಕರೆದು ಪರಿಚಯ ಮಾಡಿಕೊಟ್ಟ ಹಾಗಿದೆ ಈ ಪಟ್ಟಿ.

ಎರಡನೆಯ ತಕರಾರು ನಮಗೆ, ಅಂದರೆ ಹೆಂಗಸರಿಗೆ ಸಂಬಂಧಿಸಿದ್ದು. ಪಟ್ಟಿ ಮಾಡುವವರು 'ನೋಡುವುದು' ಮತ್ತು 'ಕೊಳ್ಳುವುದು' ಎಂದು ಎರಡು ಕಂಬಸಾಲು ಎಳೆದಿದ್ದಾರೆ. ನೋಡುವುದು ಮೇಲಿನ ಕೆಲಸ, ತಿಳಿವಳಿಕೆಯ ಕೆಲಸ. ಕೊಳ್ಳುವುದು ಹೆಂಗಸರ ಚಟ. ಮದುವೆಯ ಜವಳಿಗೆ, ಬಾಗಿನದ ಬಳೆಗೆ, ಗೃಹಪ್ರವೇಶದ ಪಾತ್ರೆಗೆ ಎಂದು ತುಮಕೂರು, ಹಾಸನ, ಕೋಲಾರ, ಮಂಡ್ಯ, ಚಿತ್ರದುರ್ಗಗಳಿಂದ ಎಷ್ಟೋ ತಲೆಮಾರಿನ ಹೆಂಗಸರು ಈ ಪೇಟೆಗೆ ಬಂದುಹೋಗಿದ್ದಾರೆ. ಯಾವ ಓಣಿಯಲ್ಲಿ ಏನು ಸಿಗುತ್ತದೆ, ಯಾವ ಅಂಗಡಿಯವನು ಎಷ್ಟಕ್ಕೆ ಇಳಿಯುತ್ತಾನೆ ಎಂಬುದನ್ನು ಬಾಯಿಪಾಠ ಮಾಡಿಕೊಂಡವರಿದ್ದಾರೆ. ಆದರೂ 'ಬೆಂಗಳೂರು ನೋಡಿದ್ದೀರಾ?' ಎಂದು ಕೇಳಿದರೆ, 'ಎಲ್ಲಿ ನೋಡೋದು, ಬರೀ ಪೇಟೆಗೆ ಹೋಗಿ ಬಂದ್ವಿ' ಎನ್ನುತ್ತೇವೆ. ನಾವು ನೋಡಿದ್ದು ಲೆಕ್ಕಕ್ಕಿಲ್ಲವೆಂದು ನಮಗೆ ಹೇಳಿಕೊಟ್ಟವರು ಯಾರು? ಈ ಪ್ರಬಂಧ ಆ ಪ್ರಶ್ನೆಯ ಸುತ್ತ.

ಪೇಟೆ ಪಟ್ಟಿಯಿಂದ ಬಿದ್ದುಹೋದದ್ದಕ್ಕೆ ಒಂದು ಚರಿತ್ರೆಯಿದೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿಯಿತು. ಎರಡು ವಾರದ ನಂತರ, 21ರ ರಾತ್ರಿ, ಪಕ್ಕದ ಕಲ್ಲಿನ ಕೋಟೆಯೂ ಬಿತ್ತು. 1809ರಲ್ಲಿ ಇಂಗ್ಲಿಷರು ಹಲಸೂರಿನ ಕಡೆ ದಂಡು ಕಟ್ಟಿಕೊಂಡರು. ಅಲ್ಲಿಂದಾಚೆ ಬೆಂಗಳೂರು ಎರಡಾಯಿತು. ಅಗಲ ರಸ್ತೆ, ಬಂಗಲೆ, ಮರಗಳ ಸಾಲು ಒಂದು ಕಡೆ. ಓಣಿ, ಅಂಗಡಿ, ಮಗ್ಗ, ಗುಡಿ ಇನ್ನೊಂದು ಕಡೆ. ಬರೆಯುವವರು, ಚಿತ್ರ ತೆಗೆಯುವವರು ಇದ್ದದ್ದು ದಂಡಿನಲ್ಲಿ. ಹಾಗಾಗಿ ಅವರ ಕಣ್ಣಿಗೆ ಪೇಟೆ ಎಂದರೆ ಗಿಜಿಗಿಜಿ ಎಂದೇ ಆಯಿತು.

ಆಮೇಲೆ 1898ರಲ್ಲಿ ಪ್ಲೇಗು ಬಂತು. ಒತ್ತೊತ್ತಾದ ಮನೆಗಳಿದ್ದ ಪೇಟೆಯಲ್ಲಿ ಸಾವು ಹೆಚ್ಚಾಯಿತು. ಸರಕಾರ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳನ್ನು ಮಾಡಿ ಗಾಳಿ ಬೆಳಕಿನ ನಿವೇಶನಗಳನ್ನು ಹಂಚಿತು. ಉದ್ಯೋಗಸ್ಥರು, ಓದಿದವರು, ಕೈಯಲ್ಲಿ ನಾಲ್ಕು ಕಾಸಿದ್ದವರು ಅಲ್ಲಿಗೆ ಹೋದರು. ಅಂಗಡಿಯ ಮೇಲೆಯೇ ಮನೆಯಿದ್ದವರು, ಮಗ್ಗವನ್ನು ಹೊತ್ತು ಹೋಗಲಾರದವರು ಇಲ್ಲಿ ಉಳಿದರು. ನಂತರದ ದಿನಗಳಲ್ಲಿ 'ಹಳೆಯ ಬೆಂಗಳೂರು' ಎಂದು ಹಂಬಲಿಸಿ ಬರೆದವರೆಲ್ಲ ಬರೆದದ್ದು ಬಹುಮಟ್ಟಿಗೆ ಆ ಹೊಸ ಬಡಾವಣೆಗಳ ಬಗ್ಗೆ, ಅಲ್ಲಿನ ಸಂಪಿಗೆ ಮರ, ಕಾಫಿ, ಸಂಗೀತ ಕಛೇರಿಗಳ ಬಗ್ಗೆ. ಅವುಗಳಿಗಿಂತ ಮುನ್ನೂರೈವತ್ತು ವರ್ಷ ಹಿರಿದಾದ ಪೇಟೆಗೆ ಆ ಹಂಬಲದಲ್ಲಿ ಪಾಲಿಲ್ಲ. ಆರೋಗ್ಯ ಇಲಾಖೆಯ ಅಧಿಕಾರಿ ಒಂದು ಕಾಲದಲ್ಲಿ ಪೇಟೆಯ ಮೇಲೆ ಬರೆದ ಷರಾವನ್ನೇ ಪ್ರವಾಸದ ಪುಸ್ತಕಗಳು ಇಂದಿಗೂ ನಕಲು ಮಾಡುತ್ತಿವೆಯೇನೋ ಎಂದು ನನಗೆ ಅನ್ನಿಸುವುದುಂಟು.

ಹಾಗಾದರೆ ಪೇಟೆಯಲ್ಲಿ ನೋಡುವುದಕ್ಕೆ ಏನಿದೆ? ಮೊದಲು ಹೆಸರುಗಳಿವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಉಪ್ಪಾರಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ, ನಗರ್ತಪೇಟೆ. ಹತ್ತು ಹೆಸರು ಓದುವುದರೊಳಗೆ ಒಂದು ಊರು ಏನು ತಿಂದಿತು, ಏನು ಉಟ್ಟಿತು, ಯಾರು ದುಡಿದರು ಎಂದು ತಿಳಿದುಹೋಗುತ್ತದೆ. ಹೊಸ ಬಡಾವಣೆಗಳ ಒಂದನೇ ಅಡ್ಡರಸ್ತೆ, ಎರಡನೇ ಮುಖ್ಯರಸ್ತೆ ಎಂಬ ಹೆಸರುಗಳನ್ನು ಓದಿ ಏನು ತಿಳಿಯುತ್ತದೆ ಹೇಳಿ? ತಾರಾಮಂಡಲಪೇಟೆ ಎಂಬ ಹೆಸರು ಟಿಪ್ಪುವಿನ ಕಾಲದ ಬಾಣಗಳ ಕಾರ್ಖಾನೆಯಿಂದ ಬಂತೆಂದು ಹೇಳುತ್ತಾರೆ. ಯುದ್ಧದ ಬಾಣಕ್ಕೆ ನಕ್ಷತ್ರದ ಹೆಸರಿಟ್ಟವರು ಯಾರೋ ಏನೋ! ಊರಿನ ಹಳೆಯ ಮಸೀದಿಗಳಲ್ಲೊಂದಾದ ಸಂಗೀನ್ ಜಾಮಿಯಾ ಮಸೀದಿ ಇರುವುದು ಅದೇ ಓಣಿಗಳಲ್ಲಿ.

ಆದರೆ ಈ ಹೆಸರುಗಳೂ ಎಲ್ಲವನ್ನೂ ಹೇಳುವುದಿಲ್ಲ. ಕುಂಬಾರನಿಗೊಂದು ಪೇಟೆಯಿದೆ, ಗಾಣಿಗನಿಗೊಂದು ಪೇಟೆಯಿದೆ. ನೂಲು ತೆಗೆದ ಹೆಂಗಸಿಗೆ ಪೇಟೆಯಿಲ್ಲ. 1800ರಲ್ಲಿ ಈ ಸೀಮೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ತನ್ನ ಪ್ರವಾಸದ ಪುಸ್ತಕದಲ್ಲಿ ಬೆಂಗಳೂರಿನ ನೇಯಿಗೆಯವರ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಪಟ್ಟೆಗಾರರು, ಖತ್ರಿಗಳು, ದೇವಾಂಗದವರು ಯಾರು ಯಾವ ಬಟ್ಟೆ ನೇಯುತ್ತಿದ್ದರು, ಎಷ್ಟು ಸಂಪಾದಿಸುತ್ತಿದ್ದರು ಎಂಬ ವಿವರಗಳೆಲ್ಲ ಅಲ್ಲಿವೆ. ಹತ್ತಿಯ ನೂಲನ್ನು ಅವರು ಸಂತೆಯಲ್ಲಿ ಕೊಳ್ಳುತ್ತಿದ್ದರು, ಅದನ್ನು ನೂತವರು ಹೆಂಗಸರು ಎಂಬ ಸಂಗತಿಯೂ ಅಲ್ಲಿದೆ. ಮನೆಗೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ರಾಟೆ ತಿರುಗಿಸಿದ ಆ ಕೈಗಳ ಮೇಲೆ ಇಷ್ಟು ದೊಡ್ಡ ಬಟ್ಟೆಯ ವ್ಯಾಪಾರ ನಿಂತಿತ್ತು. ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆಯ ಸೆರಗನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡುವಾಗ ಈ ಸಂಗತಿ ನೆನಪಾದರೆ, ಅದೂ ಊರು ನೋಡಿದಂತೆಯೇ.

ಇನ್ನು ಸ್ಥಳಗಳಿಗೆ ಬರೋಣ. 2017ರಲ್ಲಿ ಮೆಟ್ರೋದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಗೊಂದು, ಕೃಷ್ಣರಾಜೇಂದ್ರ ಮಾರುಕಟ್ಟೆಗೊಂದು ನಿಲ್ದಾಣ ಬಂತು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದವರು ಈಗ ಎರಡೇ ನಿಲ್ದಾಣ ದಾಟಿದರೆ ಮಾರುಕಟ್ಟೆಯ ಬಾಯಿಗೆ ಬಂದುಬಿಡುತ್ತಾರೆ. ಇಲ್ಲಿ ಮೊದಲು ಸಿದ್ಧಿಕಟ್ಟೆ ಎಂಬ ಕೆರೆಯಿತ್ತು. ಕೆರೆ ಹೋಗಿ ಬಯಲಾಯಿತು, ಬಯಲಿನಲ್ಲಿ 1928ರಲ್ಲಿ ಮಾರುಕಟ್ಟೆಯ ಕಟ್ಟಡ ಎದ್ದಿತು. ಹಳೆಯ ಕಟ್ಟಡದ ಕಲ್ಲಿನ ಮುಂಭಾಗ ಇನ್ನೂ ಇದೆ. ಹಿಂದೆ ಬಹುಮಹಡಿಯ ಕಾಂಕ್ರೀಟು, ಮುಂದೆ ಮೇಲ್ಸೇತುವೆ, ನಡುವೆ ಸಿಕ್ಕಿಕೊಂಡ ಅದರ ಸ್ಥಿತಿ ನೋಡಿದರೆ ಕನಿಕರವಾಗುತ್ತದೆ.

ಮಾರುಕಟ್ಟೆಯ ಹೂವಿನ ವ್ಯಾಪಾರವನ್ನು ನೋಡಬೇಕಾದರೆ ಬೆಳಗಿನ ಜಾವವೇ ಸರಿ. ಮೇಲಿನ ಮಹಡಿಯಿಂದ ಬಗ್ಗಿ ನೋಡಿದರೆ ಕೆಳಗೆ ಚೆಂಡುಹೂವಿನ ಹಳದಿ, ಸೇವಂತಿಗೆಯ ಬಿಳಿ, ಕನಕಾಂಬರದ ಕೆಂಪು ರಾಶಿರಾಶಿಯಾಗಿ ಕಾಣುತ್ತದೆ. ಈ ದೃಶ್ಯದ ಛಾಯಾಚಿತ್ರವನ್ನು ನೀವು ಖಂಡಿತ ಎಲ್ಲಾದರೂ ನೋಡಿರುತ್ತೀರಿ. ಪೇಟೆಯಿಂದ ಪತ್ರಿಕೆಗಳಿಗೆ ಬಡ್ತಿ ಪಡೆದ ಚಿತ್ರ ಇದೊಂದೇ. ಆದರೆ ಮೇಲಿನಿಂದ ತೆಗೆದ ಚಿತ್ರದಲ್ಲಿ ಹೂವು ಕಾಣುತ್ತದೆ, ಮಾರುವವಳ ನೆತ್ತಿ ಮಾತ್ರ ಕಾಣುತ್ತದೆ. ಕೆಳಗಿಳಿದು ಒಂದು ಮೊಳ ಹೂವು ಕೊಂಡು ನಿಂತರೆ ಬೇರೆ ಲೋಕ ತೆರೆದುಕೊಳ್ಳುತ್ತದೆ. ನಡುರಾತ್ರಿ ಮನೆ ಬಿಟ್ಟು ಬಂದವರು, ಮಡಿಲಲ್ಲಿ ಬಿಡಿಹೂವು ಸುರಿದುಕೊಂಡು ಕಣ್ಣೆತ್ತದೆ ಕಟ್ಟುವವರು, ಸೊಸೆಯ ಹೆರಿಗೆಗೆಂದು ಹಣ ಎಣಿಸಿಡುವವರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಗಗನಕ್ಕೇರಿತು ಎಂದು ನಾವು ಗೊಣಗುತ್ತೇವೆ. ಮಾರನೆಯ ದಿನ ಅದೇ ಹೂವನ್ನು ಕೇಳುವವರಿಲ್ಲದೆ ರಸ್ತೆಯ ಬದಿಗೆ ಸುರಿದು ಹೋಗುವುದನ್ನು ಕಂಡರೆ ಗೊಣಗು ಸ್ವಲ್ಪ ತಗ್ಗೀತು.

ಮಾರುಕಟ್ಟೆಯ ಪಕ್ಕದಲ್ಲೇ ಕೋಟೆಯ ತುಂಡೊಂದು ನಿಂತಿದೆ. 1761ರಲ್ಲಿ ಹೈದರಾಲಿ ಮಣ್ಣಿನ ಕೋಟೆಯನ್ನು ಕಲ್ಲಿನದನ್ನಾಗಿ ಮಾಡಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲು, ಅದರ ಎಡಬಲದ ಗೋಡೆ, ಒಳಗೊಂದು ಗಣಪತಿಯ ಗುಡಿ. ಎತ್ತರದ ಬಾಗಿಲಿನ ಕಮಾನುಗಳಲ್ಲಿ ಹೂಬಳ್ಳಿಯ ಗಾರೆ ಕೆಲಸವಿದೆ. ಹೊರಗೆ ಇಡೀ ಊರು ಹಾರನ್ ಹೊಡೆಯುತ್ತಿದ್ದರೂ ಒಳಗೆ ಎರಡು ಹೆಜ್ಜೆ ಇಟ್ಟರೆ ತಣ್ಣಗಾಗುತ್ತದೆ. ಅಲ್ಲಿಂದ ನಡೆದುಹೋಗುವಷ್ಟೇ ದೂರದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, ಅದಕ್ಕೆ ಒತ್ತಿಕೊಂಡೇ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ. ದೇವಸ್ಥಾನ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ್ದು. ಅರಮನೆಯನ್ನು ಹೈದರ್ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ. ಈ ಅರಮನೆ ಒಂದು ಮಾತ್ರ ಕೆಲವು ಪಟ್ಟಿಗಳಲ್ಲಿ ಜಾಗ ಪಡೆದಿದೆ. ಬಸ್ಸು ತಂದು ನಿಲ್ಲಿಸಿ, ತೇಗದ ಕಂಬಗಳನ್ನು ತೋರಿಸಿ, ಹತ್ತು ನಿಮಿಷದಲ್ಲಿ ಮತ್ತೆ ಹತ್ತಿಸಿಕೊಂಡು ಹೋಗುತ್ತಾರೆ. ಪಕ್ಕದ ದೇವಸ್ಥಾನಕ್ಕೂ ಹೊಗುವಷ್ಟು ವ್ಯವಧಾನ ಪಟ್ಟಿಯವರಿಗಿಲ್ಲ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಅರ್ಥವಾಗುವ ಸಂಗತಿಯೊಂದಿದೆ. ಸುಲ್ತಾನನ ಅರಮನೆಯೂ ವೆಂಕಟರಮಣನ ಗುಡಿಯೂ ಒಂದೇ ಕೋಟೆಯೊಳಗೆ ಅಕ್ಕಪಕ್ಕದ ಮನೆಯವರಾಗಿ ಇದ್ದವು. ಭಾಷಣಕ್ಕಿಂತ ಇದು ಚೆನ್ನಾಗಿ ಮನಸ್ಸಿಗೆ ನಾಟುತ್ತದೆ.

ಇದೇ ಸುತ್ತಿನಲ್ಲಿ ನಾನು ಒಂದು ವಿಚಿತ್ರವಾದ ಸ್ಥಳವನ್ನು ಪಟ್ಟಿಗೆ ಸೇರಿಸುತ್ತೇನೆ. ಅದು ಆಸ್ಪತ್ರೆಗಳ ಸಾಲು. ಆಸ್ಪತ್ರೆಯನ್ನು ಯಾರಾದರೂ ನೋಡಲು ಹೋಗುತ್ತಾರೆಯೇ ಎಂದು ನಗಬೇಡಿ. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ, ಕಣ್ಣಿನ ಮಿಂಟೋ ಆಸ್ಪತ್ರೆ, 1935ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದೇ ತೆರೆದ ವಾಣಿವಿಲಾಸ ಆಸ್ಪತ್ರೆ ಇಲ್ಲಿವೆ. ನಮ್ಮ ಜಿಲ್ಲೆಗಳಿಂದ 'ಬೆಂಗಳೂರಿಗೆ ಕರೆದುಕೊಂಡು ಹೋಗಿ' ಎಂದು ಡಾಕ್ಟರು ಬರೆದುಕೊಟ್ಟಾಗ ಎಷ್ಟೋ ಮಂದಿ ತಾಯಂದಿರು ಮೊದಲು ಕಂಡ ಬೆಂಗಳೂರು ಈ ಕಾರಿಡಾರುಗಳೇ. ವಾಣಿವಿಲಾಸ ಎಂಬುದು ಯಾರ ಹೆಸರೆಂದು ಅಲ್ಲಿ ಮಕ್ಕಳನ್ನು ಹೆತ್ತ ಎಷ್ಟು ಮಂದಿಗೆ ಗೊತ್ತು? ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನದವರು, ಗಂಡ ಚಾಮರಾಜೇಂದ್ರ ಒಡೆಯರು ತೀರಿಕೊಂಡ ಮೇಲೆ, ಮಗ ಇನ್ನೂ ಚಿಕ್ಕವನಾಗಿದ್ದಾಗ, 1895ರಿಂದ 1902ರವರೆಗೆ ರೀಜೆಂಟರಾಗಿ ಮೈಸೂರನ್ನು ಆಳಿದವರು. ಪ್ಲೇಗು ಬಂದದ್ದು, ಹೊಸ ಬಡಾವಣೆಗಳು ಎದ್ದದ್ದು, ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು, ಶಿವನಸಮುದ್ರದ ವಿದ್ಯುತ್ತಿನ ಕೆಲಸ ನಡೆದದ್ದು ಎಲ್ಲವೂ ಅವರ ಆ ಏಳು ವರ್ಷಗಳಲ್ಲಿ. ಆ ಕೆಲಸಗಳ ಕೀರ್ತಿಯೆಲ್ಲ ದಿವಾನರ ಹೆಸರಿಗೆ ಸಂದಿದೆ. ದಿವಾನ್ ಶೇಷಾದ್ರಿ ಅಯ್ಯರ್ ಸಮರ್ಥರೇ, ಅದರಲ್ಲಿ ಅನುಮಾನವಿಲ್ಲ. ಅವರ ಪ್ರತಿಮೆ ಕಬ್ಬನ್ ಪಾರ್ಕಿನಲ್ಲಿದೆ, ಪಟ್ಟಿಯಲ್ಲೂ ಇದೆ. ಮಹಾರಾಣಿಯ ಹೆಸರು ಹೆರಿಗೆ ಆಸ್ಪತ್ರೆಯ ಬೋರ್ಡಿನ ಮೇಲಿದೆ. ಆ ಕಲ್ಲುಕಟ್ಟಡದ ಮುಂದೆ ಒಂದು ಕ್ಷಣ ನಿಂತು ಬೋರ್ಡನ್ನು ಓದುವುದಕ್ಕೆ ಟಿಕೆಟ್ಟು ಬೇಡ.

ಮಾರುಕಟ್ಟೆಯಿಂದ ಉತ್ತರಕ್ಕೆ ಹೊರಟರೆ ಅವೆನ್ಯೂ ರಸ್ತೆ, ಅಂದರೆ ಹಳೆಯ ದೊಡ್ಡಪೇಟೆ. ಸೆಕೆಂಡ್‌ಹ್ಯಾಂಡ್ ಪುಸ್ತಕಗಳ ರಾಶಿಗೆ ಇದು ಹೆಸರುವಾಸಿ. ಎಷ್ಟೋ ಬಡ ಹುಡುಗ ಹುಡುಗಿಯರು ಡಾಕ್ಟರು ಇಂಜಿನಿಯರು ಆಗಿರುವುದು ಇಲ್ಲಿ ಅರ್ಧ ಬೆಲೆಗೆ ಸಿಕ್ಕ ಪುಸ್ತಕಗಳಿಂದ. ಬೆಳ್ಳಿ ಬಂಗಾರದ ಅಂಗಡಿಗಳ ನಡುವೆ ಫಕ್ಕನೆ ಒಂದು ಚರ್ಚು ಎದುರಾಗುತ್ತದೆ. 1917ರಲ್ಲಿ ತೆರೆದ ರೈಸ್ ಮೆಮೋರಿಯಲ್ ಚರ್ಚು ಅದು. ಕನ್ನಡದಲ್ಲಿ ಪ್ರಾರ್ಥನೆ ನಡೆಸಿದ ಬೆಂಜಮಿನ್ ಹೋಲ್ಟ್ ರೈಸ್ ಎಂಬ ಪಾದ್ರಿಯ ನೆನಪಿನದು. ಅವರ ಮಗನೇ ನಮ್ಮ ಶಾಸನಗಳನ್ನೆಲ್ಲ ಹುಡುಕಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್. ತಂದೆ ಮಗನ ಈ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ತಾಯಿಯ ಕಥೆಯನ್ನೂ ಸೇರಿಸಿಕೊಳ್ಳಿ. 1840ರ ದಶಕದಲ್ಲಿ, ಹೆಣ್ಣು ಅಕ್ಷರ ಕಲಿತರೆ ಕೇಡು ಎಂದು ನಂಬಿದ್ದ ಕಾಲದಲ್ಲಿ, ಶ್ರೀಮತಿ ರೈಸ್ ಮತ್ತು ಶ್ರೀಮತಿ ಸೀವೆಲ್ ಎಂಬ ಇಬ್ಬರು ಬೆಂಗಳೂರಿನ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆ ತೆರೆದರು. ಅವರ ಉದ್ದೇಶದಲ್ಲಿ ಮತಪ್ರಚಾರವೂ ಇತ್ತು, ಇರಲಿ. ಈ ಪುಟವನ್ನು ನೀವೂ ನಾನೂ ಓದುತ್ತಿರುವುದರ ಹಿಂದೆ ಅಂಥ ಒಂದೊಂದು ಕೊಠಡಿಯ ಋಣವಿದೆ.

ಚಿಕ್ಕಪೇಟೆಯ ಚೌಕಕ್ಕೆ ಬಂದರೆ ಸೀರೆ. ಅದರ ಬಗ್ಗೆ ನಾನು ಹೇಳಬೇಕಾದದ್ದೇನಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಇಡೀ ಪೇಟೆಯಲ್ಲಿ ಒಬ್ಬ ಹೆಂಗಸು ನಿಶ್ಚಿಂತೆಯಿಂದ ಕುಳಿತುಕೊಳ್ಳುವ ಜಾಗಗಳು ಮೂರೇ: ಗುಡಿಯ ಜಗಲಿ, ಆಸ್ಪತ್ರೆಯ ಕಾರಿಡಾರು, ಸೀರೆ ಅಂಗಡಿಯ ಬಿಳಿ ಹಾಸಿಗೆ. ಚಪ್ಪಲಿ ಬಿಟ್ಟು, ಕಾಲು ಚಾಚಿ, ಗೋಡೆಗೆ ಒರಗಿ, ಒಂದು ಲೋಟ ನೀರು ಕುಡಿದು, ಇಪ್ಪತ್ತು ಸೀರೆ ಬಿಚ್ಚಿಸಿ ಒಂದನ್ನು ಕೊಳ್ಳುವವಳನ್ನು ಗಂಡಸರು ಹಾಸ್ಯ ಮಾಡುತ್ತಾರೆ. ಆಕೆ ಮುಂಜಾನೆ ನಾಲ್ಕಕ್ಕೆದ್ದು, ಮನೆಮಂದಿಗೆಲ್ಲ ತಿಂಡಿ ಮಾಡಿಟ್ಟು, ಮೂರು ಗಂಟೆ ಬಸ್ಸಿನಲ್ಲಿ ನಿಂತೋ ಕುಳಿತೋ ಬಂದವಳು. ಆ ಹಾಸಿಗೆಯ ಮೇಲೆ ಕಳೆದ ಒಂದು ತಾಸಿನಲ್ಲಿ ಸೀರೆಯ ಪಾಲೆಷ್ಟು, ವಿಶ್ರಾಂತಿಯ ಪಾಲೆಷ್ಟು ಎಂದು ಹಾಸ್ಯಗಾರರು ಲೆಕ್ಕ ಹಾಕಿದಂತಿಲ್ಲ.

ಬಳೇಪೇಟೆಯ ಕಡೆ ತಿರುಗಿದರೆ ರಂಗನಾಥಸ್ವಾಮಿ ದೇವಸ್ಥಾನವಿದೆ. ವಿಜಯನಗರದ ಶೈಲಿಯ ಕೆತ್ತನೆಯ ಕಲ್ಲುಕಂಬಗಳನ್ನು ನೋಡಲು ನಾವು ಹಂಪಿ, ಲೇಪಾಕ್ಷಿಗೆ ಹೋಗುತ್ತೇವೆ. ಅದೇ ಸಂಪ್ರದಾಯದ ಕಂಬಗಳು ಬಳೆಯಂಗಡಿಗಳ ಹಿಂದೆ ಸದ್ದಿಲ್ಲದೆ ನಿಂತಿವೆ. ನಗರ್ತಪೇಟೆಯಲ್ಲಿ ಕಾಳಿಕಾಂಬ ಕಮಠೇಶ್ವರ ಗುಡಿ, ಚಿಕ್ಕಪೇಟೆಯಲ್ಲಿ ಮಾರ್ವಾಡಿ ಗುಜರಾತಿ ವ್ಯಾಪಾರಿಗಳ ಆದಿನಾಥ ಬಸದಿ. ಒಂದೊಂದು ಕಸುಬಿನವರು ಒಂದೊಂದು ದೇವರನ್ನು ತಂದು ಕೂರಿಸಿಕೊಂಡು ಊರು ಕಟ್ಟಿದ್ದಾರೆ.

ಇವೆಲ್ಲದರ ನಡುವೆ ತಿಗಳರಪೇಟೆಯ ಧರ್ಮರಾಯನ ಗುಡಿಯಿದೆ. ಪಾಂಡವರ ಹಿರಿಯನ ಹೆಸರಿನ ಗುಡಿಯಾದರೂ ಇಲ್ಲಿನ ಶಕ್ತಿ ದ್ರೌಪದಿ. ಚೈತ್ರ ಹುಣ್ಣಿಮೆಯ ರಾತ್ರಿ ಇಲ್ಲಿಂದ ಕರಗ ಹೊರಡುತ್ತದೆ. ಸ್ವರ್ಗಕ್ಕೆ ನಡೆಯುವ ಹಾದಿಯಲ್ಲಿ ದ್ರೌಪದಿ ಹಿಂದೆ ಉಳಿದಳು, ತಿಮಿರಾಸುರನೆಂಬ ರಕ್ಕಸ ಅಡ್ಡ ಬಂದಾಗ ವೀರಕುಮಾರರನ್ನು ಸೃಷ್ಟಿಸಿ ಗೆದ್ದಳು, ಹೋಗಬೇಡ ತಾಯಿ ಎಂದು ಅವರು ಅತ್ತಾಗ ವರ್ಷಕ್ಕೆ ಮೂರು ದಿನ ಬರುತ್ತೇನೆಂದು ಮಾತು ಕೊಟ್ಟಳು ಎಂದು ಕಥೆ. ಮಹಾಕಾವ್ಯ ಕೈಬಿಟ್ಟಲ್ಲಿಂದ ತೋಟಗಾರಿಕೆಯ ತಿಗಳ ಜನ ಅವಳನ್ನು ಕೈಹಿಡಿದು ಮನೆಗೆ ಕರೆತಂದಿದ್ದಾರೆ. ಎಂಥ ಔದಾರ್ಯ ನೋಡಿ! ಪೂಜಾರಿ ಅರಿಶಿನ ಬಣ್ಣದ ಸೀರೆಯುಟ್ಟು, ಬಳೆ ತೊಟ್ಟು, ತಾಳಿ ಕಟ್ಟಿಕೊಂಡು ಹೆಣ್ಣಾಗಿ, ಮಲ್ಲಿಗೆಯ ಗೋಪುರ ಹೊತ್ತ ಕರಗವನ್ನು ತಲೆಯ ಮೇಲಿಟ್ಟು ಕೈಯಲ್ಲಿ ಮುಟ್ಟದೆ ಕುಣಿಯುತ್ತಾ ಬರುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ಕರಗ ನಿಂತು ಮುಂದೆ ಹೋಗುವುದು ವಾಡಿಕೆ.

ಕರಗದ ಬಗ್ಗೆ ಪತ್ರಿಕೆಗಳಲ್ಲಿ ಪ್ರತಿವರ್ಷ ಬರುವ ಬರಹಗಳ ಮೇಲೂ ನನಗೆ ಅತೃಪ್ತಿಯಿದೆ. ದರ್ಗಾದ ಭೇಟಿಯನ್ನು 'ಭಾವೈಕ್ಯದ ಸಂಕೇತ' ಎಂದು ಒಂದು ಸಾಲಿನಲ್ಲಿ ಮುಗಿಸಿ, ಎಷ್ಟು ಲಕ್ಷ ಜನ ಸೇರಿದರು ಎಂಬಲ್ಲಿಗೆ ಹಾರಿಬಿಡುತ್ತಾರೆ. ಸ್ಮೃತಿ ಶ್ರೀನಿವಾಸ್ ಎಂಬ ವಿದ್ವಾಂಸೆ 2001ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕವೊಂದು ಕರಗವನ್ನು ಊರಿನ ನೆನಪಿನ ನಕ್ಷೆಯೆಂದು ಓದಿದೆ. ಆ ಓದು ನನಗೆ ಸರಿಯೆನಿಸಿತು. ಕರಗದ ಆಚರಣೆಗಳು ಹಳೆಯ ಕೆರೆಗಳನ್ನು, ತೋಟಗಳನ್ನು, ಗಡಿಗಳನ್ನು ಮುಟ್ಟಿ ಬರುತ್ತವೆ. ಸಂಪಂಗಿ ಕೆರೆ ಬತ್ತಿ ಕಂಠೀರವ ಕ್ರೀಡಾಂಗಣವಾಯಿತು. ಆದರೂ ಹಸಿ ಕರಗದ ದಿನ ಅಲ್ಲಿ ಉಳಿದ ಚಿಕ್ಕ ನೀರಿನ ತಾವಿಗೆ ಕರಗದವರು ಹೋಗುತ್ತಾರೆ. ಸರಕಾರದ ನಕ್ಷೆ ಮರೆತ ಕೆರೆಯನ್ನು ದ್ರೌಪದಿ ಮರೆತಿಲ್ಲ.

ಇನ್ನೊಂದು ಪ್ರಶ್ನೆಯನ್ನು ಆ ಬರಹಗಳು ಕೇಳುವುದೇ ಇಲ್ಲ. ಇಡೀ ಊರು ಹೆಣ್ಣೊಬ್ಬಳಿಗೆ ದಾರಿ ಬಿಡುವ ಆ ರಾತ್ರಿ, ಬೀದಿಯಲ್ಲಿ ಹೆಂಗಸರು ಎಲ್ಲಿರುತ್ತಾರೆ? ಬಾಗಿಲಲ್ಲಿ ಆರತಿ ಹಿಡಿದು, ಮಾಳಿಗೆಯ ಮೇಲೆ ನಿಂತು, ಮಗುವನ್ನು ಕಂಕುಳಲ್ಲಿ ಎತ್ತಿ ತೋರಿಸುತ್ತಾ ಇರುತ್ತಾರೆ. ನೂಕುನುಗ್ಗಲಿನ ಬೀದಿ ಗಂಡಸರದು. ಗಂಡಸು ಹೆಣ್ಣಾಗಿ ಬೀದಿಗಿಳಿದರೆ ಪೂಜೆ, ಹೆಣ್ಣು ಹೆಣ್ಣಾಗಿಯೇ ನಡುರಾತ್ರಿ ಅದೇ ಬೀದಿಯಲ್ಲಿ ನಡೆದರೆ 'ಇಷ್ಟು ಹೊತ್ತಿನಲ್ಲಿ ಇವಳಿಗೇನು ಕೆಲಸ' ಎಂಬ ಪ್ರಶ್ನೆ. ಹಬ್ಬದ ಮೇಲೆ ನನಗೆ ಭಕ್ತಿ ಕಡಿಮೆಯಾಗಿ ಇದನ್ನು ಹೇಳುತ್ತಿಲ್ಲ. ದ್ರೌಪದಿಯ ಹಬ್ಬದಲ್ಲಿ ಈ ಪ್ರಶ್ನೆ ಕೇಳದಿದ್ದರೆ ಇನ್ನೆಲ್ಲಿ ಕೇಳುವುದು?

ಪೇಟೆಯ ಪರವಾಗಿ ಇಷ್ಟೆಲ್ಲ ವಕೀಲಿ ಮಾಡಿದೆನೆಂದು ಅದರ ದೋಷಗಳನ್ನು ಮುಚ್ಚಿಡಲಾರೆ. ಕಾಲುದಾರಿ ಎಂಬುದು ಹೆಸರಿಗಷ್ಟೇ ಇದೆ. ತಲೆಯ ಮೇಲೆ ವಿದ್ಯುತ್ ತಂತಿಗಳ ಗೋಜಲು, ಕಾಲ ಕೆಳಗೆ ಒಡೆದ ಚಪ್ಪಡಿ. ಮಳೆಗಾಲದಲ್ಲಿ ಮಾರುಕಟ್ಟೆಯ ಕೆಸರು ಸೀರೆಯ ಅಂಚನ್ನು ಬಿಡುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ನಾವು ಬಾಯಿಬಿಟ್ಟು ಹೇಳಿಕೊಳ್ಳದ ತೊಂದರೆ. ಹೆಂಗಸರು ನಂಬಿ ಒಳಗೆ ಹೋಗಬಹುದಾದ ಶೌಚಾಲಯ ಹುಡುಕಿದರೂ ಸಿಗುವುದು ಕಷ್ಟ. ಪೇಟೆಗೆ ಹೋಗುವ ದಿನ ನೀರು ಕುಡಿಯದೆ ಹೊರಡುವ ಹೆಂಗಸರನ್ನು ನಾನು ಬಲ್ಲೆ, ನೀವೂ ಬಲ್ಲಿರಿ. ಗಿರಾಕಿಗಳಾದ ನಾವು ಸಂಜೆಗೆ ಮನೆ ಸೇರುತ್ತೇವೆ. ಬೆಳಗಿನ ಜಾವದಿಂದ ಕುಳಿತು ಹೂವು ಮಾರುವವಳ ಗತಿಯೇನು? ಸೌಂದರ್ಯದ ಬಗ್ಗೆ ಬರೆಯುವವರು ಈ ಮಾತನ್ನು ಬರೆಯುವುದಿಲ್ಲ, ಏಕೆಂದರೆ ಬಹುಪಾಲು ಬರೆದವರು ಗಂಡಸರು. ಅವರಿಗೆ ಪ್ರತಿಯೊಂದು ಗೋಡೆಯೂ ಅನುಕೂಲವೇ.

ಈಚೆಗೆ ಪೇಟೆಯಲ್ಲಿ 'ಪರಂಪರೆಯ ನಡಿಗೆ' ಎಂದು ಗುಂಪುಗಳು ಬರುವುದು ಶುರುವಾಗಿದೆ. ಒಳ್ಳೆಯದೇ. ಯಾರಾದರೂ ಕಣ್ಣೆತ್ತಿ ನೋಡಿದರಲ್ಲ ಎಂಬ ಸಮಾಧಾನ. ಆದರೆ ನಡಿಗೆಯ ವಿವರಣೆ ಬಹುತೇಕ ಇಂಗ್ಲಿಷಿನಲ್ಲಿ, ಹೊರಡುವುದು ಊರಿಂದ ಬರುವವರ ಮೊದಲ ಬಸ್ಸು ಇನ್ನೂ ದಾರಿಯಲ್ಲಿರುವಾಗ. ಕ್ಯಾಮೆರಾ ಹೂಗಾರ್ತಿಯ ಮುಖದ ಹತ್ತಿರ ಹೋಗುತ್ತದೆ, ಒಂದು ಮೊಳ ಹೂವು ಕೊಳ್ಳುವುದಿಲ್ಲ. ಮೂಟೆ ಹೊತ್ತವನು 'ದಾರಿ, ದಾರಿ' ಎಂದು ಕೂಗಿದರೆ ಅದೂ ಒಂದು ನೋಟವಾಗುತ್ತದೆ. ಹಳೆಯ ಪಟ್ಟಿ ಪೇಟೆಯನ್ನು ಬರೀ ಅಂಗಡಿ ಎಂದಿತು, ಹೊಸ ನಡಿಗೆ ಬರೀ ಚಿತ್ರ ಎನ್ನುತ್ತಿದೆ. ನೋಡುವವರೂ ಕೊಳ್ಳುವವರೂ ಬೇರೆಬೇರೆಯೇ ಎಂಬ ಹಳೆಯ ಗೆರೆ ಇದರಿಂದ ಅಳಿಸಿಲ್ಲ.

ಈ ಗೆರೆಯನ್ನು ಅಳಿಸಬಲ್ಲವರು ನಾವು, ಸಣ್ಣ ಊರುಗಳಿಂದ ಬರುವ ಗಿರಾಕಿಗಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣ ಉಳಿಯುವಂತಾದಾಗ, 'ಕೆಲಸವಿಲ್ಲದೆ ತಿರುಗುತ್ತಾರೆ' ಎಂಬ ಟೀಕೆ ಕೇಳಿಬಂತು. ಕೆಲಸವಿಲ್ಲದೆ ತಿರುಗುವುದನ್ನು ಗಂಡಸರು ಮಾಡಿದರೆ ಪ್ರವಾಸ, ದೇಶ ಸುತ್ತುವುದು ಎಂದು ಕರೆಯುತ್ತಾರಲ್ಲ! ಒಮ್ಮೆ ಏನೂ ಕೊಳ್ಳುವ ಯಾದಿಯಿಲ್ಲದೆ, ಅಕ್ಕನನ್ನೋ ಓರಗಿತ್ತಿಯನ್ನೋ ಜೊತೆ ಮಾಡಿಕೊಂಡು ಪೇಟೆಗೆ ಹೋಗಿ. ಅಂಗಡಿಗಳು ಪೂರ್ತಿ ಬಾಗಿಲು ತೆರೆಯುವ ಮೊದಲು ಹೋದರೆ ಇನ್ನೂ ಒಳ್ಳೆಯದು, ಬೋರ್ಡುಗಳ ಮೇಲಿನ ಹಳೆಯ ಉಪ್ಪರಿಗೆ, ಮರದ ಕಂಬ, ಗಾರೆಯ ಬಳ್ಳಿ ಕಣ್ಣಿಗೆ ಬೀಳುತ್ತವೆ. ದೆಹಲಿ ಬಾಗಿಲಿನ ನೆರಳಿನಲ್ಲಿ ನಿಲ್ಲಿ, ವಾಣಿವಿಲಾಸದ ಬೋರ್ಡು ಓದಿ, ಧರ್ಮರಾಯನ ಗುಡಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಮಕ್ಕಳಿದ್ದರೆ ಬೀದಿಯ ಹೆಸರುಗಳನ್ನು ಓದಿಸಿ ಅರ್ಥ ಕೇಳಿ.

ಇದರಿಂದ ಏನು ಲಾಭ ಎಂದು ಕೇಳಬಹುದು. ಪೇಟೆಯ ಹಳೆಯ ಮನೆಗಳು ಒಂದೊಂದಾಗಿ ಬಿದ್ದು ಗಾಜಿನ ಮುಖದ ಕಟ್ಟಡಗಳಾಗುತ್ತಿವೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಎಲ್ಲಿ ರಸ್ತೆ ಅಗಲವಾಗಬೇಕು, ಎಲ್ಲಿ ಹೂಗಾರ್ತಿ ಕೂರಬೇಕು, ಎಲ್ಲಿ ಶೌಚಾಲಯ ಆಗಬೇಕು ಎಂಬುದನ್ನು ತೀರ್ಮಾನಿಸುವವರ ಮುಂದೆ ಒಂದು ಪಟ್ಟಿ ಇದ್ದೇ ಇರುತ್ತದೆ. 'ನೋಡತಕ್ಕದ್ದು' ಎಂದು ಬರೆದದ್ದು ಉಳಿಯುತ್ತದೆ, ಬರೆಯದ್ದು ಹೋಗುತ್ತದೆ. ಹಿಂದೆ ಪಟ್ಟಿ ಬರೆದವರು ನಮ್ಮನ್ನು ಕೇಳಲಿಲ್ಲ. ಮುಂದೆ ಬರೆಯುವವರು ಕೇಳಿದಾಗ 'ಪೇಟೆಯೇ? ನಮಗೇನು ಗೊತ್ತು, ನಾವು ಸೀರೆಗೆ ಹೋಗಿದ್ದೆವು' ಎಂದು ಹೇಳಿ ಬಂದುಬಿಟ್ಟರೆ ತಪ್ಪು ಅವರದೊಂದೇ ಆಗುವುದಿಲ್ಲ.